ಹೆಸರು ಪೂರ್ತಿ ಓದಿ, ಆಮೇಲೆ ಮಾರಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ನಿಂಟೆಂಡೊ ಕಾರ್ಟ್ರಿಜ್‌ಗಳು ಸಿಕ್ಕವು. ಡಕ್‌ಟೇಲ್ಸ್, ಫ್ಲಿಂಟ್‌ಸ್ಟೋನ್ಸ್‌ನಂಥ ಟಿವಿ ಕಾರ್ಟೂನ್‌ಗಳ ಗೇಮ್‌ಗಳಿವೆ. ಪರಿಚಿತರೊಬ್ಬರು ಎಲ್ಲಕ್ಕೂ ಸೇರಿ 100 ಡಾಲರ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಈಗಲೇ ಕೊಡಬೇಡಿ. ಮೊದಲು ಫ್ಲಿಂಟ್‌ಸ್ಟೋನ್ಸ್ ಕಾರ್ಟ್ರಿಜ್ ಕೈಗೆತ್ತಿಕೊಂಡು ಲೇಬಲ್ ಮೇಲಿನ ಹೆಸರನ್ನು ಪೂರ್ತಿ ಓದಿ. ‘ದಿ ರೆಸ್ಕ್ಯೂ ಆಫ್ ಡೀನೋ ಆ್ಯಂಡ್ ಹಾಪಿ’ ಎಂದಿದ್ದರೆ ಅದು ಸುಲಭವಾಗಿ ಸಿಗುವಂಥದ್ದು. ‘ದಿ ಸರ್‌ಪ್ರೈಸ್ ಅಟ್ ಡೈನೋಸಾರ್ ಪೀಕ್’ ಎಂದಿದ್ದರೆ ಮಾತೇ ಬೇರೆ. ಅದು ಬಂದದ್ದು 1994ರಲ್ಲಿ, ಆ ಹಳೆಯ ನಿಂಟೆಂಡೊ ಯಂತ್ರದ ಕಾಲ ಮುಗಿಯುತ್ತಿದ್ದಾಗ. ಪ್ರತಿಗಳು ತೀರಾ ಕಡಿಮೆ. ಡಬ್ಬ, ಪುಸ್ತಿಕೆ ಇಲ್ಲದ ಬರೀ ಕಾರ್ಟ್ರಿಜ್ಜೇ ನೂರಾರು ಡಾಲರ್ ತರುತ್ತದೆ. ಡಕ್‌ಟೇಲ್ಸ್‌ನದೂ ಹೀಗೇ: 1989ರ ಮೊದಲನೆಯದು ಲಕ್ಷಗಟ್ಟಲೆ ಮಾರಾಟವಾಗಿತ್ತು, 1993ರ ಎರಡನೆಯದು ಅಪರೂಪ.

ಬೆಲೆ ಇರುವಲ್ಲಿ ನಕಲಿಯೂ ಇರುತ್ತದೆ. ಕಾರ್ಟ್ರಿಜ್ಜನ್ನು 3.8 ಮಿ.ಮೀ. ಗೇಮ್‌ಬಿಟ್ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ, ಒಳಗಿನ ಬೋರ್ಡ್ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿದೆಯೇ ನೋಡಿ. ಧೈರ್ಯ ಸಾಲದಿದ್ದರೆ ಹಳೆ ಗೇಮ್‌ಗಳ ಅಂಗಡಿಗೆ ಒಯ್ದು ನಿಮ್ಮೆದುರೇ ಬಿಚ್ಚಿಸಿ.

ದರ ತಿಳಿಯಲು ಇಬೇಯಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಈಗಾಗಲೇ ಮಾರಾಟವಾದವುಗಳ ಪಟ್ಟಿ ನೋಡಿ. ಲೇಬಲ್ ಒರೆಸಲು ಮಾತ್ರ ಹೋಗಬೇಡಿ, ಹರಿದರೆ ಬೆಲೆ ಬಿದ್ದೇಹೋಗುತ್ತದೆ. ಕೆಳಗಿನ ಲೋಹದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು. ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಕಂಪನಿಯ ಶುಲ್ಕ ಸೀಲ್ ಒಡೆಯದ ಡಬ್ಬಕ್ಕೆ ಸರಿ, ನಿಮ್ಮ ಬಿಡಿ ಕಾರ್ಟ್ರಿಜ್‌ಗಳಿಗೆ ಅದನ್ನು ಕಟ್ಟಿ ಎಂದು ನಾನು ಹೇಳಲಾರೆ. ಡೈನೋಸಾರ್ ಪೀಕ್ ನಿಜವಾಗಿಯೂ ನಿಮ್ಮಲ್ಲಿದ್ದರೆ, ಅದನ್ನು ಪ್ರತ್ಯೇಕವಾಗಿಯೇ ಮಾರಿ.