ಬೀದಿಯ ಹೆಸರಿಲ್ಲದ ಏಳನೆಯ ಸಾಲು

ವಿಜಯನಗರ ಎರಡನೆಯ ಹಂತದ ಸೋದರಿ,

ನಿಮ್ಮ ಪ್ರೋಗ್ರಾಮು ತಾನೇ ಬರೆದುಕೊಂಡ ಪೈಥಾನ್ ಕೋಡ್ ಕೆಟ್ಟು ನಿಂತಾಗಲೆಲ್ಲ ‘ಸ್ಟ್ರಿಂಗ್, ಏಳನೆಯ ಸಾಲು’ ಎಂಬಷ್ಟೇ ವಿಳಾಸವು ದೊರೆಯುವುದರಿಂದ ಮೂರು ರಾತ್ರಿ ನಿದ್ರೆಗೆಟ್ಟೆನೆಂದು ಬರೆದಿರುವಿರಿ. ಮನೆಯ ಸಂಖ್ಯೆಯುಂಟು, ಬೀದಿಯ ಹೆಸರಿಲ್ಲ. ಅಂಚೆಯವನಾದರೂ ಏನು ಮಾಡಿಯಾನು?

ಬರಿಯ ಪಠ್ಯವನ್ನು ಎಕ್ಸೆಕ್‌ಗೆ ಒಪ್ಪಿಸದೆ, ಮೊದಲು ಕಂಪೈಲ್‌ಗೆ ಕೊಟ್ಟು, ಅದರ ಎರಡನೆಯ ಸ್ಥಾನದಲ್ಲಿ, ಆ ಕೋಡ್ ಯಾವ ನಮೂನೆಯಿಂದ ಜನಿಸಿತೆಂಬುದನ್ನು ಸೂಚಿಸುವ ಅನನ್ಯವಾದ ನಾಮಧೇಯವನ್ನಿಟ್ಟು, ಅದೇ ಹೆಸರಿನಡಿಯಲ್ಲಿ ಸಾಲುಗಳನ್ನು ಲೈನ್‌ಕ್ಯಾಶ್‌ನ ಸಂಗ್ರಹದಲ್ಲಿ ನಿಕ್ಷೇಪಿಸಿದಿರಾದರೆ, ಡಿಸ್ಕಿನಲ್ಲೆಲ್ಲಿಯೂ ಇಲ್ಲದ ಆ ಕಡತದ ತಪ್ಪು ಸಾಲು ಟ್ರೇಸ್‌ಬ್ಯಾಕಿನಲ್ಲಿ ಪ್ರತ್ಯಕ್ಷವಾಗುವುದು. ಆ ಸಂಗ್ರಹದ ನಮೂದಿನಲ್ಲಿ ಕಾಲಸೂಚಕದ ಜಾಗಕ್ಕೆ ‘ನನ್’ (None) ಎಂದಿಡುವುದನ್ನು ಮರೆಯದಿರಿ. ಇಲ್ಲದಿದ್ದರೆ, ಕಡತವೇ ಇಲ್ಲವೆಂದು ಬಗೆದು ಪೈಥಾನ್ ಆ ಸಾಲುಗಳನ್ನು ಸಂಗ್ರಹದಿಂದ ಅಳಿಸಿಬಿಟ್ಟೀತು. (ಜಾವಾಸ್ಕ್ರಿಪ್ಟಿನವರಿಗೆ ಸೋರ್ಸ್‌ಯುಆರ್‌ಎಲ್ ಎಂಬ ಒಂದೇ ಟಿಪ್ಪಣಿ ಸಾಕು, ಅವರು ಭಾಗ್ಯವಂತರು.)

ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರದ ಬೆನ್ನಿಗೇ ವೃತ್ತಿಯನ್ನೂ ಪ್ರಯೋಗವನ್ನೂ ಇಟ್ಟಂತೆ, ಹುಟ್ಟಿದ ಪ್ರತಿಯೊಂದು ಸಾಲಿನ ತುದಿಯಲ್ಲಿಯೂ ಅದನ್ನು ಹುಟ್ಟಿಸಿದ ನಿಯಮದ ಸಂಖ್ಯೆಯನ್ನು ಟಿಪ್ಪಣಿಯಾಗಿ ಬರೆಯಿಸಿರಿ.

ನೀವು ಕಳುಹಿಸಿದ ತುಣುಕಿನಲ್ಲಿಯಾದರೋ, ‘ಮೈಸೂರು’ ಎಂಬ ಊರ ಹೆಸರು ಉದ್ಧರಣ ಚಿಹ್ನೆಯಿಲ್ಲದೆ ಒಳಸೇರಿ, ವೇರಿಯಬಲ್ ಎಂದು ಗೃಹೀತವಾಗಿ ‘ನೇಮ್‌ಎರರ್’ ಎಬ್ಬಿಸಿದೆ. ಆ ಹೆಸರನ್ನು ರೆಪ್ರ್ (repr) ಮೂಲಕ ಸೇರಿಸಿರಿ; ತಿದ್ದುವುದು ನಮೂನೆಯಲ್ಲಿ, ಏಳನೆಯ ಸಾಲಿನಲ್ಲಲ್ಲ.