ಪುಸ್ತಕ ಕೊಡುವವರಿಗೂ ತರಬೇತು ಬೇಕು



ತೆಂಗಿನ ಗರಿಗೆ ಕಪ್ಪುತಲೆ ಹುಳು ಬಿದ್ದರೆ ತಾವು ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳುತ್ತೀರಿ. ಎಸ್.ಎಸ್.ಎಲ್.ಸಿ. ಮುಗಿಸಿದ ಮಗಳು ಮುಂದೇನು ಓದಲಿ ಎಂದರೆ ಯಾರನ್ನು ಕೇಳುವಿರಿ? ಬಿಳಿಗೆರೆ ಸೀಮೆಯ ಮಕ್ಕಳಿಗೆ ಇದಕ್ಕೆ ಹತ್ತಿರದ ಜಾಗವೆಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಅಲ್ಲಿ ಕುಳಿತವರು ಆ ಕೆಲಸವನ್ನು ಕಲಿತವರಾಗಿರಬೇಕು.

ಪುಸ್ತಕ ತೆಗೆದುಕೊಟ್ಟು ರಿಜಿಸ್ಟರಿನಲ್ಲಿ ಬರೆದುಕೊಂಡರಾಯಿತು, ಅದಕ್ಕೇನು ತರಬೇತು ಎನ್ನುವವರುಂಟು. ಎಸ್.ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದಾಗ ಅಂಥವರೂ ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬಂದರು. ಓದುಗನಿಗೆ ಬೇಕಾದ ಪುಸ್ತಕ ಅವನ ಕೈ ಸೇರಬೇಕೆಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲೊಂದು.

ಹುಡುಗನೊಬ್ಬ ಬಂದು "ಗಣಿತದ ಪುಸ್ತಕ ಇದೆಯೇ?" ಎನ್ನುತ್ತಾನೆ ಎನ್ನಿ. ಕಲಿಯದವರು ಇದೆ, ಇಲ್ಲ ಎಂದು ಹೇಳಿ ಸುಮ್ಮನಾಗುತ್ತಾರೆ. ಕಲಿತವರು "ಯಾತಕ್ಕಪ್ಪಾ?" ಎಂದು ಕೇಳುತ್ತಾರೆ. ಶಾಲೆಯ ಪರೀಕ್ಷೆಗೆ ಒಂದು ಪುಸ್ತಕ, ಪೊಲೀಸ್ ಪೇದೆಯ ಹುದ್ದೆಯ ಪರೀಕ್ಷೆಗೆ ಇನ್ನೊಂದು. ಇಲ್ಲದ ಪುಸ್ತಕವನ್ನು ಬೇಡಿಕೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಮುಂದಿನ ಖರೀದಿಗೆ ಅದೇ ಪಟ್ಟಿ.

ಈಗ ಮೊಬೈಲಿನ ಕಾಲ. ನೌಕರಿ ಕೊಡಿಸುತ್ತೇವೆ, ಹಣ ಕಟ್ಟಿ ಎಂಬ ಸುದ್ದಿ ಹುಡುಗರಿಗೆ ಬರುತ್ತದೆ. ಕೊಬ್ಬರಿ ಮಾರಿದ ದುಡ್ಡು ಅಲ್ಲಿಗೆ ಹೋಗುವ ಮುನ್ನ, ಆ ಪ್ರಕಟಣೆ ಇಲಾಖೆಯ ಸ್ವಂತ ಜಾಲತಾಣದಲ್ಲಿದೆಯೇ ಎಂದು ನೋಡುವ ಬಗೆಯನ್ನು ಗ್ರಂಥಾಲಯದವರು ತೋರಿಸಿಕೊಡಬೇಕು. ಇದನ್ನು ಅವರಿಗೂ ಯಾರಾದರೂ ಕಲಿಸಬೇಕಷ್ಟೆ. ಹೆಣ್ಣುಮಕ್ಕಳು ಏನು ಓದಿದರೆಂದು ಊರಿಗೆಲ್ಲ ಹೇಳದಿರುವುದೂ ಈ ಕಸಬಿನ ಪಾಠವೇ. ಅದು ತಪ್ಪಿದರೆ ಅವರು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ 'ಓದುವ ಬೆಳಕು' ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಲು ಹೊರಟಿತು. ಸದಸ್ಯತ್ವವೇನೋ ಸರಿ, ಶಾಲೆ ಬಿಡುವ ಹೊತ್ತಿಗೆ ಬೀಗ ಬಿದ್ದರೆ ಮಕ್ಕಳಿಗೆ ಅದರಿಂದೇನು?

1965ರ ಕಾಯಿದೆಯ ಪ್ರಕಾರ ತಾವು ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ. ಆದುದರಿಂದ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ನಮ್ಮ ಮೇಲ್ವಿಚಾರಕರಿಗೆ ಕಡೆಯ ತರಬೇತು ಯಾವಾಗ ಆಯಿತು, ಏನು ಕಲಿಸಿದರು, ಸಂಜೆ ಎಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ? ಅವರು ತರಬೇತಿಗೆ ಹೋದ ದಿನಗಳಲ್ಲಿ ಊರಿನ ಓದಿದ ತರುಣರೊಬ್ಬರು ಕುಳಿತು ಬಾಗಿಲು ತೆರೆದಿಡುವ ಏರ್ಪಾಡನ್ನೂ ಅಂದೇ ಮಾಡಿಕೊಳ್ಳಿರಿ.