ಗೋದಾಮಿನಿಂದ ಟೆಂಪೊವರೆಗೆ: ಬೆಲ್ಲದ ಆರ್ಡರ್ ತಪ್ಪದಂತೆ ಕಳಿಸುವುದು ಹೇಗೆ?

ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ, ಧ್ವಜ ಸತ್ಯಾಗ್ರಹ ಸೌಧದ ಆಸುಪಾಸಿನಲ್ಲಿ, ಒಂದು ಬೆಲ್ಲದ ಗೋದಾಮು ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರು ಸುಮಾರು 80 ಕಿ.ಮೀ. ದೂರ. ಆಲೆಮನೆಯ ಬೆಲ್ಲವನ್ನು ಮಂಡಿಗೆ ಒಂದೇ ಲೋಡು ಹಾಕಿದರೆ ಆಯಿತು ಎನ್ನುವ ಕಾಲ ಬದಲಾಗುತ್ತಿದೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದೂ ಬೆಲ್ಲವೇ. ಒಬ್ಬರು ಅಂಗಡಿಗೆ 30 ಪೆಟ್ಟಿಗೆ ಅಚ್ಚುಬೆಲ್ಲ ಕೇಳುತ್ತಾರೆ, ಇನ್ನೊಬ್ಬರು ಮನೆಗೆ ಒಂದು ಕಿಲೊ ಪುಡಿ. ಹಬ್ಬದ ಗಡಿಬಿಡಿಯಲ್ಲಿ ಅಚ್ಚು ಕೇಳಿದವರಿಗೆ ಪುಡಿ ಹೋದರೆ ಸಾಗಣೆ ಖರ್ಚೂ ನಷ್ಟ, ಗಿರಾಕಿಯೂ ನಷ್ಟ. ಇದನ್ನು ತಡೆಯಲೆಂದೇ ಗೋದಾಮು ನಿರ್ವಹಣೆಯ ತಂತ್ರಾಂಶಗಳಿವೆ.

ತಂತ್ರಾಂಶ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಗೋದಾಮಿನ ಪ್ರತಿ ಜಾಗಕ್ಕೂ ಒಂದು ಗುರುತು ಕೊಡಿ. ‘ಎ-2-3’ ಎಂದರೆ ಎ ಸಾಲು, ಎರಡನೇ ರ‍್ಯಾಕು, ಮೂರನೇ ಅಂತಸ್ತು. ‘ಆ ಮೂಲೆಯಲ್ಲಿ, ಕಿಟಕಿ ಪಕ್ಕ’ ಎನ್ನುವುದು ಹತ್ತು ವರ್ಷದಿಂದ ದುಡಿಯುವ ಆಳಿಗೆ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಆ ಆಳು ರಜೆ ಹಾಕಿದ ದಿನ ನಿಮಗೂ ಗೊತ್ತಾಗುವುದಿಲ್ಲ.

ಇನ್ನು ಆರ್ಡರ್ ಬಂತು ಎನ್ನಿ. ತಂತ್ರಾಂಶ ಮೊದಲು ಮಾಲನ್ನು ಕಾಯ್ದಿರಿಸುತ್ತದೆ. ಗೋದಾಮಿನಲ್ಲಿ 40 ಪೆಟ್ಟಿಗೆ ಇವೆ, ಬೆಂಗಳೂರಿನ ಅಂಗಡಿಗೆ 30 ಒಪ್ಪಿಕೊಂಡಿದ್ದೀರಿ. ಅಷ್ಟರಲ್ಲಿ ಮೈಸೂರಿನವರು 15 ಕೇಳಿದರೆ, ಕಣ್ಣಿಗೆ 40 ಕಂಡರೂ ಮಾರಬಹುದಾದದ್ದು ಹತ್ತೇ ಎಂದು ಅದು ತೋರಿಸುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಾಣುವುದು ಇದೇ. ಒಂದೇ ಪೆಟ್ಟಿಗೆಯನ್ನು ಇಬ್ಬರಿಗೆ ಮಾತು ಕೊಡುವುದು ಇಲ್ಲಿಗೇ ನಿಲ್ಲುತ್ತದೆ.

ಆಮೇಲೆ ಯಾವ ಪೆಟ್ಟಿಗೆ ಎಂಬ ಪ್ರಶ್ನೆ. ಬೆಲ್ಲ ತೇವ ಹೀರುವ ಪದಾರ್ಥ. ಮಳೆಗಾಲದಲ್ಲಿ ಹಿಂದೆ ಸರಿದ ಹಳೆಯ ಪೆಟ್ಟಿಗೆ ಅಲ್ಲೇ ಒಸರತೊಡಗುತ್ತದೆ. ಮಾಲು ಒಳಬಂದಾಗಲೇ ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ದಾಖಲಿಸಿದ್ದರೆ, ಅವಧಿ ಬೇಗ ಮುಗಿಯುವ ಬ್ಯಾಚನ್ನೇ ತಂತ್ರಾಂಶ ಮೊದಲು ಸೂಚಿಸುತ್ತದೆ. ಯಾರಾದರೂ ದೂರು ಹೇಳಿದರೆ, ಅದೇ ಬ್ಯಾಚು ಇನ್ನೂ ಯಾರ‍್ಯಾರಿಗೆ ಹೋಗಿದೆ ಎಂಬುದನ್ನೂ ಕ್ಷಣದಲ್ಲಿ ತೆಗೆಯಬಹುದು.

ಮಾಲು ಆಯುವ ಪಟ್ಟಿಗೆ ‘ಪಿಕ್ ಲಿಸ್ಟ್’ ಎನ್ನುತ್ತಾರೆ. ಅದು ಆರ್ಡರ್ ಬಂದ ಕ್ರಮದಲ್ಲಿರುವುದಿಲ್ಲ, ನಡೆಯುವ ದಾರಿಯ ಕ್ರಮದಲ್ಲಿರುತ್ತದೆ. 30 ಪೆಟ್ಟಿಗೆಯ ದೊಡ್ಡ ಆರ್ಡರನ್ನು ಒಂದಾಗಿಯೇ ಆಯುವುದು ವಾಸಿ. ಒಂದೊಂದು ಕಿಲೊದ 12 ಆರ್ಡರ್‌ಗಳಿಗೆ 12 ಸಲ ಓಡಾಡುವುದೇಕೆ? ಒಂದೇ ಸುತ್ತಿನಲ್ಲಿ ಹನ್ನೆರಡನ್ನೂ ತಂದು, ಮೇಜಿನ ಮೇಲೆ ಹಂಚಿದರೆ ಸಾಕು. ಸಂಜೆ ನಾಲ್ಕಕ್ಕೆ ಟೆಂಪೊ ಹೊರಡುವುದಿದ್ದರೆ, ಅದಕ್ಕೆ ಸೇರುವ ಆರ್ಡರ್‌ಗಳನ್ನಷ್ಟೇ ಒಂದು ಗುಂಪು ಮಾಡಿ ಮೊದಲು ಪಟ್ಟಿ ತೆಗೆಯಿರಿ.

ಆಯುವವರು ಜಾಗದ ಬಾರ್‌ಕೋಡ್, ನಂತರ ಪೆಟ್ಟಿಗೆಯ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು. ತಪ್ಪು ಮಾಲಾದರೆ ಅಲ್ಲೇ ಎಚ್ಚರಿಕೆ ಬರುತ್ತದೆ. ‘ಸಂಜೆ ಎಲ್ಲ ಒಟ್ಟಿಗೆ ಸ್ಕ್ಯಾನ್ ಮಾಡೋಣ ಬಿಡಿ’ ಎಂದರೆ ಮಾತ್ರ ಹಾಕಿದ ದುಡ್ಡೆಲ್ಲ ವ್ಯರ್ಥ. ಪಟ್ಟಿಯಲ್ಲಿ ಎಂಟಿದ್ದು ರ‍್ಯಾಕಿನಲ್ಲಿ ಏಳೇ ಸಿಕ್ಕರೆ, ಏಳು ಎಂದೇ ನಮೂದಿಸಿ. ಪಕ್ಕದ ಆರ್ಡರಿನಿಂದ ಒಂದು ಎತ್ತಿ ಸರಿದೂಗಿಸಬೇಡಿ.

ಪ್ಯಾಕಿಂಗ್ ಮೇಜಿನಲ್ಲಿ ಇನ್ನೊಮ್ಮೆ ತಾಳೆ ನೋಡಿ, ತೂಕ ಹಾಕಿ, ವಿಳಾಸದ ಚೀಟಿ ಅಂಟಿಸಿ. ತೂಕ ಹೊಂದದಿದ್ದರೆ ಪೆಟ್ಟಿಗೆ ಬಿಚ್ಚಿ ನೋಡುವುದಕ್ಕೆ ಬೇಸರಪಡಬೇಡಿ. ಲೋಡ್ ಮಾಡುವಾಗ ಕೊನೆಗೆ ಇಳಿಯುವ ಮಾಲು ಮೊದಲು ಒಳಗೆ ಹೋಗಲಿ. ರಾಮನಗರದಲ್ಲಿ ಇಳಿಸಬೇಕಾದದ್ದು ಬೆಂಗಳೂರಿನ ಪೆಟ್ಟಿಗೆಗಳ ಹಿಂದೆ ಸಿಕ್ಕಿಕೊಂಡರೆ ಚಾಲಕ ಅರ್ಧ ಗಾಡಿ ಇಳಿಸಬೇಕಾಗುತ್ತದೆ.

ಕಾಗದಪತ್ರದ ವಿಷಯಕ್ಕೆ ಬಂದರೆ, ಲೇಬಲ್ ಇರುವ ಪ್ಯಾಕೆಟ್ ಬೆಲ್ಲ 2022ರ ಜುಲೈ 18ರಿಂದ ಜಿಎಸ್‌ಟಿ ವ್ಯಾಪ್ತಿಗೆ ಬಂದಿದೆ. ಅಂಥ ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ವಾಹನದ ಸಂಖ್ಯೆ ತುಂಬಿದ ಮೇಲೆಯೇ ಅದರ ಅವಧಿ ಶುರು. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನ. ಗಾಡಿ ಬದಲಾದರೆ ಸಂಖ್ಯೆಯನ್ನೂ ಬದಲಿಸಿ. ಗಾಡಿ ಹೊರಟಿತೆಂದು ದೃಢಪಡಿಸಿದಾಗಲೇ ತಂತ್ರಾಂಶದಲ್ಲಿ ದಾಸ್ತಾನು ಇಳಿಯುತ್ತದೆ.

ಸಣ್ಣ ಗೋದಾಮಿಗೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ. ಅದರಲ್ಲಿ ಪಿಕ್ ಲಿಸ್ಟ್ ಸೌಲಭ್ಯವಿದೆ. ಅದನ್ನು ಹಾಕಿಸುವುದು ಮುಂದಿನ ತಿಂಗಳಾದರೂ ಸರಿ. ಈ ಭಾನುವಾರ ಗೋದಾಮಿಗೆ ಬಿಡುವಿದ್ದಾಗ ರ‍್ಯಾಕುಗಳಿಗೆ ಗುರುತು ಬರೆದು, ಇರುವ ಮಾಲನ್ನು ಒಮ್ಮೆ ಎಣಿಸಿಡಿ.